ಶಲ್ಯವೂ ಲೋಹವೂ: ಸುಶ್ರುತಸಂಹಿತೆಯ ಲೋಹವಾಕ್ಯಗಳ ವಿಮರ್ಶೆ

ಮಲಪ್ರಭಾನದಿಯ ಸಮೀಪದ ಕಮತಗಿಯಿಂದ ಐಹೊಳೆಯವರೆಗಿನ ಸೀಮೆಯಲ್ಲಿ ಪರಶುರಾಮನ ಕಥೆಯೊಂದು ಬಹುಕಾಲದಿಂದ ಪ್ರಚಾರದಲ್ಲಿದೆ. ಕ್ಷತ್ರಿಯಸಂಹಾರವಾದ ಮೇಲೆ ಆತನು ತನ್ನ ಕೊಡಲಿಯನ್ನು ಈ ಹೊಳೆಯಲ್ಲಿ ತೊಳೆಯಲಾಗಿ ನೀರೆಲ್ಲ ಕೆಂಪಾಯಿತೆಂದೂ, ಅದನ್ನು ಕಂಡ ಹೆಂಗಸು 'ಅಯ್ಯೋ ಹೊಳೆ' ಎಂದು ಕೂಗಿದಳೆಂದೂ, ಅದರಿಂದಲೇ ಊರಿಗೆ ಆ ಹೆಸರು ಬಂದಿತೆಂದೂ ಜನರು ಹೇಳುವರು. ಶಾಸನಗಳಲ್ಲಿ ಅಯ್ಯಾವೊಳೆ, ಆರ್ಯಪುರ ಎಂಬ ರೂಪಗಳಿರುವುದರಿಂದ ಈ ನಿಷ್ಪತ್ತಿಯನ್ನು ಪಂಡಿತರು ಒಪ್ಪಲಾರರು. ಆದರೆ ಕಥೆಯಲ್ಲಿ ಲೋಹವೂ ಕೆಂಪೂ ಕೂಡಿಬಂದಿರುವುದು ಗಮನಾರ್ಹವಾಗಿದೆ. ಲೋಹಶಬ್ದದ ಮೊದಲನೆಯ ಅರ್ಥವೇ ಕೆಂಪು. ಲೋಹಿತವೆಂಬುದು ಅದರ ಸೋದರಶಬ್ದ. ಶುಕ್ಲಯಜುರ್ವೇದದ ವಾಜಸನೇಯಿಸಂಹಿತೆಯಲ್ಲಿ ಧಾತುಗಳನ್ನು ಎಣಿಸುವಾಗ ಅಯಸ್ಸು, ಶ್ಯಾಮ, ಲೋಹ ಎಂಬಿವು ಬೇರೆ ಬೇರೆಯಾಗಿ ಬಂದಿವೆ. ಅಲ್ಲಿ ಕಪ್ಪಾದ ಶ್ಯಾಮವು ಕಬ್ಬಿಣ, ಕೆಂಪಾದ ಲೋಹವು ತಾಮ್ರ. ಕಾಲಕ್ರಮದಲ್ಲಿ ಅದೇ ಶಬ್ದವು ಎಲ್ಲ ಧಾತುಗಳಿಗೂ ಸಾಮಾನ್ಯನಾಮವಾಯಿತು. ವೈದ್ಯಗ್ರಂಥಗಳಲ್ಲಿ ಮತ್ತೆ ಸಂಕುಚಿತವಾಗಿ ಹಲವೆಡೆ ಕಬ್ಬಿಣವನ್ನೇ ಹೇಳತೊಡಗಿತು. ರಸರತ್ನಸಮುಚ್ಚಯಕಾರನಾದರೋ ಎಳೆಯುವುದೆಂಬ ಅರ್ಥದ ಧಾತುವೊಂದರಿಂದ ಅದನ್ನು ಸಾಧಿಸಿ, ಅದಿರಿನಿಂದ ಎಳೆದು ತೆಗೆದುದೇ ಲೋಹವೆಂಬ ಭಾವವನ್ನು ಸೂಚಿಸಿರುವನು. ಹೀಗೆ ಒಂದೇ ಶಬ್ದವು ಮೂರು ಮುಖಗಳುಳ್ಳದ್ದಾಗಿರಲು, ಪ್ರಾಚೀನಗ್ರಂಥದಲ್ಲಿ 'ಲೋಹ'ವೆಂದು ಕಂಡೊಡನೆ ಇಂದಿನ ಲೋಹವಿಜ್ಞಾನವನ್ನು ಅದರಲ್ಲಿ ತುಂಬುವವರು ಸ್ವಲ್ಪ ತಡೆಯಬೇಕಾಗುತ್ತದೆ. (ಕಮತಗಿಯೆಂಬ ಹೆಸರಿನಲ್ಲಿಯೂ ಕಮ್ಮಟವನ್ನೋ ಕಮ್ಮಾರರನ್ನೋ ಕಾಣಬೇಕೆಂಬ ಆಸೆ ಕೆಲವರಿಗೆ ಹುಟ್ಟಬಹುದು. ಕನ್ನಡದಲ್ಲಿ ಕಮತವೆಂದರೆ ಬೇಸಾಯ; ಅದನ್ನು ಬಿಟ್ಟು ಟಂಕಸಾಲೆಗೆ ಹೋಗಲು ಪ್ರಮಾಣವೇನೂ ಇಲ್ಲ.)

ಈ ವಿಚಾರಕ್ಕೆ ಪ್ರಸಕ್ತಿಯೇನೆಂದರೆ, ವೈದ್ಯೋಪಕರಣಗಳಿಗಾಗಿ ಹೆಚ್ಚು ಬಲವುಳ್ಳ ಮಿಶ್ರಲೋಹಗಳನ್ನು ನಿರ್ಮಿಸುವ ಪ್ರಯತ್ನವು ಈಚೆಗೆ ಎಲ್ಲ ದೇಶಗಳಲ್ಲಿಯೂ ನಡೆಯುತ್ತಿದ್ದು, ಅದರ ವಿಷಯವಾಗಿ ಕನ್ನಡದಲ್ಲಿ ಬರುವ ಬರಹಗಳಲ್ಲಿ ಎರಡು ದೋಷಗಳು ಪದೇ ಪದೇ ಕಂಡುಬರುತ್ತಿವೆ. ಲೋಹದ ನಾನಾ ಗುಣಗಳನ್ನೆಲ್ಲ 'ಗಟ್ಟಿ' ಎಂಬ ಒಂದೇ ಮಾತಿನಿಂದ ಮುಗಿಸಿಬಿಡುವುದು ಒಂದು; ಇದೆಲ್ಲವೂ ಸುಶ್ರುತನಿಗೆ ತಿಳಿದೇ ಇತ್ತೆಂದು ಕಡೆಯಲ್ಲಿ ಒಂದು ವಾಕ್ಯವನ್ನು ಅಂಟಿಸುವುದು ಮತ್ತೊಂದು. ಇವೆರಡಕ್ಕೂ ಮೂಲ ಒಂದೇ. ಸುಶ್ರುತನ ಮಾತನ್ನು ಇದ್ದಂತೆ ಓದಿದ್ದರೆ ಗಟ್ಟಿಯೆಂಬ ಒಂದೇ ಪದವು ಸಾಲದೆಂಬುದು ಅಲ್ಲಿಯೇ ತಿಳಿಯುತ್ತಿತ್ತು. ಆತನಿಗೆ ಏನು ತಿಳಿದಿರಲಿಲ್ಲವೆಂಬುದೂ ತಿಳಿಯುತ್ತಿತ್ತು.

ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಯಂತ್ರಗಳೂ ಎಂಟನೆಯದರಲ್ಲಿ ಶಸ್ತ್ರಗಳೂ ವಿವೃತವಾಗಿವೆ. ಯಂತ್ರಗಳು 101. ಅವುಗಳಲ್ಲಿ ಸ್ವಸ್ತಿಕಗಳು 24, ಸಂದಂಶಗಳು 2, ತಾಲಗಳು 2, ನಾಡಿಗಳು 20, ಶಲಾಕೆಗಳು 28, ಉಪಯಂತ್ರಗಳು 25. ಇಷ್ಟನ್ನು ಎಣಿಸಿ, ಎಲ್ಲಕ್ಕಿಂತ ಮುಖ್ಯವಾದ ಯಂತ್ರವು ವೈದ್ಯನ ಕೈಯೇ ಎಂದು ಹೇಳಿರುವುದು ಗ್ರಂಥಕರ್ತನ ವಿವೇಕಕ್ಕೆ ಸಾಕ್ಷಿಯಾಗಿದೆ. ಯಂತ್ರಗಳು ಪ್ರಾಯಶಃ ಲೋಹದವು. ಲೋಹವು ದೊರೆಯದಿದ್ದರೆ ಅದಕ್ಕೆ ಸದೃಶವಾದ ಬೇರೆ ದ್ರವ್ಯದವೂ ಆಗಬಹುದು. ಈ ವಿಕಲ್ಪವನ್ನು ಶಸ್ತ್ರಗಳ ವಿಷಯದಲ್ಲಿ ಹೇಳಿಲ್ಲ. ಹಿಡಿಯುವ ಇಕ್ಕುಳಕ್ಕೆ ಮತ್ತೊಂದು ದ್ರವ್ಯವು ಒದಗೀತು. ಕತ್ತರಿಸುವ ಅಲಗಿಗೆ ಒದಗದು. ಇಪ್ಪತ್ತು ಶಸ್ತ್ರಗಳನ್ನು ಕೆಲಸಬಲ್ಲ ಕರ್ಮಾರನಿಂದಲೇ ಮಾಡಿಸಬೇಕೆಂದು ವಿಧಿಸಿರುವುದೂ ಈ ಭೇದಕ್ಕೆ ಅನುಗುಣವಾಗಿದೆ. ಈ ಕರ್ಮಾರಶಬ್ದವೇ ಪ್ರಾಕೃತದ ಮೂಲಕ ಕನ್ನಡದ ಕಮ್ಮಾರನಾಗಿ ಇಂದಿಗೂ ಬದುಕಿದೆ. ಶಸ್ತ್ರಲೋಹಕ್ಕೆ ಅಲ್ಲಿ 'ಶುದ್ಧಶೈಕ್ಯಾಯಸ'ವೆಂಬ ವಿಶೇಷಣವಿರುವುದು. ಶೈಕ್ಯಾಯಸವೆಂಬ ಶಬ್ದವು ಮಹಾಭಾರತದಲ್ಲಿ ಗದೆಗೆ ವಿಶೇಷಣವಾಗಿ ಬರುತ್ತದೆ. ಗದೆಯ ಕಬ್ಬಿಣಕ್ಕೂ ಸೂಜಿಯ ಕಬ್ಬಿಣಕ್ಕೂ ಒಂದೇ ಹೆಸರಾದರೆ ಅದು ಉತ್ಕೃಷ್ಟವಾದ ಕಬ್ಬಿಣವೆಂಬಷ್ಟನ್ನು ಮಾತ್ರ ಊಹಿಸಬಹುದು. ಅದರಿಂದ ಇಂಗಾಲದ ಪ್ರಮಾಣವನ್ನು ಲೆಕ್ಕಹಾಕುವುದು ಸಾಹಸವೇ ಸರಿ.

ಎಂಟನೆಯ ಅಧ್ಯಾಯದ ಸಾರವಿರುವುದು ಪಾಯನವಿಧಿಯಲ್ಲಿ. ಪಾಯನವೆಂದರೆ ಕುಡಿಸುವುದು, ಕಾಯಿಸಿದ ಅಲಗನ್ನು ದ್ರವದಲ್ಲಿ ಅದ್ದುವುದು ಎಂದು ತಾತ್ಪರ್ಯ. ಕ್ಷಾರ, ಜಲ, ತೈಲಗಳೆಂದು ಅದು ಮೂರು ಬಗೆ. ಬಾಣದ ಮೊನೆಯನ್ನೂ ಎಲುಬನ್ನೂ ಕಡಿಯುವ ಶಸ್ತ್ರಕ್ಕೆ ಕ್ಷಾರಪಾಯನ. ಮಾಂಸವನ್ನು ಕತ್ತರಿಸುವ, ಭೇದಿಸುವ, ಸೀಳುವ ಶಸ್ತ್ರಕ್ಕೆ ಜಲಪಾಯನ. ಸಿರಾವ್ಯಧನಕ್ಕೂ ಸ್ನಾಯುಚ್ಛೇದನಕ್ಕೂ ಬೇಕಾದ ಶಸ್ತ್ರಕ್ಕೆ ತೈಲಪಾಯನ. ಇಂದಿನ ಲೋಹಶಾಸ್ತ್ರಜ್ಞರ ಮತದಂತೆ ಉಪ್ಪು ಅಥವಾ ಕ್ಷಾರ ಬೆರೆತ ನೀರು ಕಾದ ಉಕ್ಕನ್ನು ಅತಿಶೀಘ್ರವಾಗಿ ತಣಿಸುತ್ತದೆ. ಬರಿಯ ನೀರು ಅದಕ್ಕಿಂತ ಮೆಲ್ಲಗೆ, ಎಣ್ಣೆಯು ಇನ್ನೂ ಮೆಲ್ಲಗೆ. ಶೀಘ್ರವಾಗಿ ತಣಿದಷ್ಟೂ ಉಕ್ಕು ಗಡಸಾಗುವುದು, ಅಷ್ಟೇ ಪೆಡಸೂ ಆಗುವುದು. ಮೆಲ್ಲಗೆ ತಣಿದುದು ಅಷ್ಟು ಗಡಸಲ್ಲದಿದ್ದರೂ ಥಟ್ಟನೆ ಮುರಿಯದು. ಸುಶ್ರುತನ ಕ್ರಮವು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಎಲುಬಿಗೆ ತಾಗುವ ಅಲಗು ಗಡಸಾಗಿರಬೇಕು; ರಕ್ತನಾಳದೊಳಕ್ಕೆ ಹೋಗುವ ಸಣ್ಣ ಮೊನೆಯು ಒಳಗೇ ಮುರಿದರೆ ಅದೇ ಹೊಸದೊಂದು ಶಲ್ಯವಾಗುವುದರಿಂದ ಅದು ಮುರಿಯದಂತಿರಬೇಕು. ಗ್ರಂಥದಲ್ಲಿ ಈ ಕಾರಣವನ್ನು ಹೇಳಿಲ್ಲ, ಫಲವನ್ನು ಮಾತ್ರ ವಿಧಿರೂಪವಾಗಿ ಹೇಳಿದೆ. ಕಾರಣವನ್ನು ಇಂದಿನವರು ತುಂಬಿದ್ದಾರೆ. ಈ ವ್ಯತ್ಯಾಸವನ್ನು ಮರೆಯದಿದ್ದರೆ ಪ್ರಶಂಸೆಯು ಪ್ರಮಾಣಬದ್ಧವಾಗಿರುತ್ತದೆ.

ಧಾರೆಯ ವಿಷಯದಲ್ಲಿಯೂ ಇಂಥದೇ ಸೂಕ್ಷ್ಮತೆಯಿದೆ. ಭೇದನಶಸ್ತ್ರಗಳ ಧಾರೆ ಮಸೂರದಷ್ಟು, ಲೇಖನದವುಗಳದು ಅದರ ಅರ್ಧ, ವ್ಯಧನ ವಿಸ್ರಾವಣಗಳಿಗೆ ಕೂದಲಿನಷ್ಟು, ಛೇದನಕ್ಕೆ ಅರ್ಧ ಕೂದಲಿನಷ್ಟು. ಶಸ್ತ್ರದೋಷಗಳು ಎಂಟು, ಖರಧಾರೆ, ಎಂದರೆ ಒರಟಾದ ಅಂಚು, ಅವುಗಳಲ್ಲೊಂದು. ಆದರೆ ಎಲುಬನ್ನು ಕೊಯ್ಯುವ ಕರಪತ್ರಕ್ಕೆ ಅದೇ ಗುಣವೆಂದು ಅಪವಾದವಿದೆ. ಒಂದು ಶಸ್ತ್ರದ ದೋಷವು ಮತ್ತೊಂದರ ಗುಣವಾಗುತ್ತದೆ. ಲೋಹಕ್ಕೆ ತನ್ನಷ್ಟಕ್ಕೆ ತಾನೇ ಶ್ರೇಷ್ಠತೆಯೆಂಬುದಿಲ್ಲ, ಅದು ಮುಟ್ಟುವ ಅಂಗವನ್ನು ನೋಡಿ ಅದರ ಯೋಗ್ಯತೆಯನ್ನು ನಿರ್ಣಯಿಸಬೇಕೆಂಬುದೇ ಈ ಅಧ್ಯಾಯದ ಮರ್ಮ. ಬೇಸಾಯದ ಊರುಗಳ ಕುಲುಮೆಗಳಲ್ಲಿ ಈ ಮರ್ಮವು ಬೇರೆ ಮಾತಿನಿಂದ ಪ್ರಸಿದ್ಧವಾಗಿದೆ. ಕುಡಗೋಲನ್ನು ತಂದ ರೈತನು ಅದಕ್ಕೆ ಬಲ ಕೊಡೆಂದು ಕೇಳುವುದಿಲ್ಲ, ಹದ ಹಾಕೆಂದು ಕೇಳುತ್ತಾನೆ. ಪಾಯನವೆಂಬುದಕ್ಕೆ ಕನ್ನಡದಲ್ಲಿ ಹದಕ್ಕಿಂತ ಒಳ್ಳೆಯ ಮಾತನ್ನು ಹುಡುಕಬೇಕಾಗಿಲ್ಲ.

ಇನ್ನು ಎರಡನೆಯ ದೋಷದ ವಿಚಾರ. ಇಂದಿನ ವೈದ್ಯಲೋಹಗಳಲ್ಲಿ ಮುಖ್ಯವಾದವು ಕೈಯಲ್ಲಿ ಹಿಡಿಯುವ ಶಸ್ತ್ರಗಳಿಗಾಗಿ ಹುಟ್ಟಿದವಲ್ಲ. ಶರೀರದೊಳಗೆ ಇಟ್ಟು ಬಿಡುವುದಕ್ಕಾಗಿ ಹುಟ್ಟಿದವು. ಮುರಿದ ಎಲುಬಿಗೆ ಹಲಗೆ ತಿರುಪುಗಳು, ಸವೆದ ಸೊಂಟಕ್ಕೆ ಕೀಲು, ಹೃದಯಕ್ಕೆ ಕವಾಟ, ಇತ್ಯಾದಿ. ಸುಶ್ರುತನ ತಂತ್ರಕ್ಕೆ ಶಲ್ಯತಂತ್ರವೆಂದು ಹೆಸರು. ಹೊರಗಿನಿಂದ ಬಂದು ಒಳಗೆ ನೆಲೆಸಿ ಬಾಧಿಸುವುದೇ ಶಲ್ಯ. ಅದನ್ನು ಹೊರತೆಗೆಯುವುದೇ ಆ ತಂತ್ರದ ಪ್ರಥಮಪ್ರಯೋಜನ. ಲೋಹವನ್ನು ಶರೀರದಲ್ಲಿ ಶಾಶ್ವತವಾಗಿ ನಿಲ್ಲಿಸುವ ವಿಧಿಯು ಅದರಲ್ಲಿಲ್ಲ. ಮುರಿದ ಎಲುಬಿಗೂ ಮರದ ತೊಗಟೆ, ಬಿದಿರು ಮೊದಲಾದವುಗಳ ಕುಶಗಳನ್ನು ಹೊರಗಿನಿಂದಲೇ ಕಟ್ಟಲು ಹೇಳಿದೆ. ಹೀಗಿರಲು, ಇಂದಿನ ಲೋಹದ ಕೀಲು ಸುಶ್ರುತನ ದೃಷ್ಟಿಯಲ್ಲಿ ಶಲ್ಯವೇ ಹೊರತು ಚಿಕಿತ್ಸೆಯಲ್ಲ. ಶಲ್ಯವು ಚಿಕಿತ್ಸೆಯಾಗಿ ಪರಿಣಮಿಸಿದ್ದು ಈಚಿನ ನೂರಿಪ್ಪತ್ತು ನೂರಮೂವತ್ತು ವರ್ಷಗಳ ಚರಿತ್ರೆ. ಋಗ್ವೇದದಲ್ಲಿ ಅಶ್ವಿನೀದೇವತೆಗಳು ವಿಶ್ಪಲೆಗೆ ಆಯಸವಾದ ಜಂಘೆಯನ್ನು ಕೊಟ್ಟರೆಂಬ ಪ್ರಸಂಗವನ್ನು ಇಲ್ಲಿ ಕೆಲವರು ಎಳೆದು ತರುವುದುಂಟು. ಅದು ದೇವತಾಸ್ತುತಿ, ಅಲ್ಲಿಯ ಅಯಸ್ಸು ಕಬ್ಬಿಣವೇ ಎಂಬುದು ನಿಶ್ಚಿತವಲ್ಲ, ವಿಶ್ಪಲೆಯು ಸ್ತ್ರೀಯಲ್ಲ, ಓಟದ ಕುದುರೆಯೆಂದು ಪಿಶೆಲ್ ಪಂಡಿತರು ವಾದಿಸಿರುವುದೂ ಉಂಟು. ಸ್ತುತಿಯನ್ನು ಸ್ತುತಿಯೆಂದೇ ಓದುವುದು ವೇದಕ್ಕೆ ತೋರುವ ಗೌರವ.

ಹಾಗಾದರೆ ಇಂದಿನ ಪ್ರಯತ್ನಕ್ಕೆ ಸಮೀಪವಾದ ಮಾತು ಸುಶ್ರುತನಲ್ಲಿ ಎಲ್ಲಿಯೂ ಇಲ್ಲವೋ ಎಂದರೆ, ಇದೆ. ಆದರೆ ಹೊಗಳುವವರು ಅದನ್ನು ಪ್ರಾಯಶಃ ಎತ್ತುವುದಿಲ್ಲ. ಸೂತ್ರಸ್ಥಾನದ ಇಪ್ಪತ್ತಾರನೆಯ ಅಧ್ಯಾಯದಲ್ಲಿ, ಕಾಣದೆ ಹೋದ ಶಲ್ಯವನ್ನು ಗುರುತಿಸುವ ಪ್ರಕರಣದಲ್ಲಿ, ಯಾವ ಶಲ್ಯವು ಒಳಗೇ ಕರಗುವುದು, ಯಾವುದು ಕರಗದು ಎಂಬ ವಿಭಾಗವಿದೆ. ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ತವರ, ಸೀಸ ಇವು ಬಹುಕಾಲ ಇದ್ದರೆ ಪಿತ್ತದ ತೇಜಸ್ಸಿನಿಂದ ಕರಗಿ ಲೀನವಾಗುವುವೆಂದೂ, ಕೊಂಬು, ದಂತ, ಕೂದಲು, ಎಲುಬು, ಬಿದಿರು, ಮರ, ಕಲ್ಲು, ಮಣ್ಣಿನವು ಕರಗವೆಂದೂ ಅಲ್ಲಿಯ ತಾತ್ಪರ್ಯ. ಚಿನ್ನವನ್ನೂ ತಾಮ್ರವನ್ನೂ ಒಂದೇ ಸಾಲಿನಲ್ಲಿ ಇಟ್ಟಿರುವುದನ್ನು ಇಂದಿನ ರಸಾಯನಶಾಸ್ತ್ರವು ಒಪ್ಪದು. ಬಾಣದ ಮೊನೆಯ ದ್ರವ್ಯವಾದ ಕಬ್ಬಿಣವು ಆ ಸಾಲಿನಲ್ಲಿ ಇಲ್ಲದಿರುವುದೂ ವಿಚಾರಾರ್ಹವೇ: ಅದನ್ನು ಕಾಯದೆ ಕೂಡಲೇ ತೆಗೆಯಬೇಕಾಗಿದ್ದುದರಿಂದ ಬಿಟ್ಟರೋ, ಬೇರೆ ಅಭಿಪ್ರಾಯದಿಂದಲೋ, ಮೂಲವು ಹೇಳುವುದಿಲ್ಲ. ಆದರೆ ಶರೀರವು ಲೋಹಕ್ಕೆ ಬರಿಯ ಪಾತ್ರೆಯಲ್ಲ, ಅದು ಲೋಹವನ್ನು ತಿನ್ನುತ್ತದೆ ಎಂಬ ಗ್ರಹಿಕೆ ಇಲ್ಲಿ ಸ್ಪಷ್ಟವಾಗಿದೆ. ಇಂದಿನ ವೈದ್ಯಲೋಹವಿದ್ಯೆಯ ಅರ್ಧಭಾಗವು ಈ ಒಂದು ಪ್ರಶ್ನೆಗೆ ಉತ್ತರವಾಗಿ ಬೆಳೆದಿದೆ. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಎಲುಬಿಗೆ ಜೋಡಿಸಿದ ಉಕ್ಕಿನ ಹಲಗೆಗಳು ತುಕ್ಕುಹಿಡಿದು ಕೆಟ್ಟವು. 2010ರಲ್ಲಿ ಲೋಹದ ಮೇಲೆ ಲೋಹವೇ ಉಜ್ಜುವಂಥ ಸೊಂಟದ ಕೀಲಿನ ಒಂದು ಮಾದರಿಯನ್ನು ಪ್ರಪಂಚದಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ಅದರಿಂದ ಸವೆದ ಕೋಬಾಲ್ಟ್ ಮತ್ತು ಕ್ರೋಮಿಯಂ ಕಣಗಳು ರೋಗಿಗಳ ರಕ್ತದಲ್ಲಿ ಸೇರಿದ್ದವು. ಆ ಲೋಹವು ಬಲಹೀನವಾಗಿರಲಿಲ್ಲ. ಬಲವೊಂದರಿಂದಲೇ ಕಾರ್ಯವಾಗಲಿಲ್ಲವೆಂಬುದೇ ಅಲ್ಲಿಯ ಸಂಗತಿ. ಇದಕ್ಕೆ ವಿಪರ್ಯಯವಾಗಿ, ಎಲುಬು ಕೂಡಿಕೊಳ್ಳುವವರೆಗೆ ಹಿಡಿದಿದ್ದು ಬಳಿಕ ತಾನೇ ಕರಗಿಹೋಗುವ ಮೆಗ್ನೀಸಿಯಂ ಮಿಶ್ರಲೋಹದ ತಿರುಪುಗಳನ್ನು ಈಚೆಗೆ ಬುದ್ಧಿಪೂರ್ವಕವಾಗಿಯೇ ಮಾಡುತ್ತಿದ್ದಾರೆ. ಲೀನವಾಗುವುದೇ ಅಲ್ಲಿ ಗುಣ.

ಕನ್ನಡನಾಡಿಗೆ ಈ ಚರಿತ್ರೆಯಲ್ಲಿ ನಿಜವಾದ ಸ್ಥಾನವೊಂದಿದೆ. ಅದಕ್ಕೆ ಪುರಾಣದ ನೆರವು ಬೇಕಾಗಿಲ್ಲ. ದಕ್ಷಿಣದೇಶದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕು ಪಾಶ್ಚಾತ್ಯರಲ್ಲಿ 'ವೂಟ್ಸ್' ಎಂದು ಪ್ರಸಿದ್ಧವಾಯಿತು. ಇದು ಉಕ್ಕೆಂಬ ಮಾತೇ ಕೇಳುವವರ ಅಥವಾ ಬರೆಯುವವರ ತಪ್ಪಿನಿಂದ ಹಾಗಾದುದೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಇದರ ಮಾದರಿಯನ್ನು ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿದನು. ಮರುವರ್ಷ ಪಿಯರ್‌ಸನ್ ಇದರ ಪರೀಕ್ಷೆಯನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದನು. 1800-01ರಲ್ಲಿ ಮೈಸೂರುಸೀಮೆಯಲ್ಲಿ ಸಂಚರಿಸಿದ ಬುಕಾನನ್ ಉಕ್ಕು ಮಾಡುವ ಕ್ರಮವನ್ನು ಕಂಡು ಬರೆದಿಟ್ಟಿದ್ದಾನೆ. ಪ್ರಕೃತಕ್ಕೆ ಮುಖ್ಯನಾದವನು ಜೇಮ್ಸ್ ಸ್ಟೋಡರ್ಟ್. ಇವನು ಲಂಡನ್ನಿನಲ್ಲಿ ಶಸ್ತ್ರವೈದ್ಯರ ಉಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡುತ್ತಿದ್ದವನು. ಹಿಂದೂದೇಶದ ಈ ಉಕ್ಕನ್ನು ಯುರೋಪಿನ ಉಕ್ಕಿಗಿಂತ ಮೇಲೆಂದು ಎಣಿಸಿ ಶಸ್ತ್ರಗಳನ್ನು ಅದರಿಂದ ಮಾಡಿದನು. ಇವನೊಡನೆ ಮೈಕೇಲ್ ಫ್ಯಾರಡೆ ಕೂಡಿ, ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಮೊದಲಾದವನ್ನು ಬೆರಸಿ ಪರೀಕ್ಷಿಸಿದನು. ಫಲಗಳು 1820 ಮತ್ತು 1822ರಲ್ಲಿ ಪ್ರಕಟವಾದುವು. ಐನೂರು ಭಾಗ ಉಕ್ಕಿಗೆ ಒಂದು ಭಾಗ ಬೆಳ್ಳಿ ಬೆರಸಿದ್ದು ಅವುಗಳಲ್ಲಿ ಪ್ರಸಿದ್ಧ. ಇದಕ್ಕೆ ಮುಂಚೆ 1819ರಲ್ಲಿ ಫ್ಯಾರಡೆ ನಮ್ಮ ಉಕ್ಕಿನ ಶ್ರೇಷ್ಠತೆಗೆ ಅದರಲ್ಲಿರುವ ಅಲ್ಯೂಮಿನಿಯಮ್ಮಿನ ಅಂಶವು ಕಾರಣವೆಂದು ಊಹಿಸಿದ್ದನು. ಆ ಊಹೆ ನಿಲ್ಲಲಿಲ್ಲ. ಆದರೂ ಅದರಿಂದ ಹುಟ್ಟಿದ ಪರೀಕ್ಷೆಗಳು ಮಿಶ್ರೋಕ್ಕಿನ ವಿದ್ಯೆಗೆ ಮೊದಲಾದುವು. ಫ್ಯಾರಡೆ ಉಳಿಸಿದ್ದ 79 ಮಾದರಿಗಳನ್ನು ನೂರಕ್ಕೂ ಮಿಕ್ಕ ವರ್ಷಗಳ ಅನಂತರ ಹ್ಯಾಡ್‌ಫೀಲ್ಡ್ ಪರೀಕ್ಷಿಸಿ 1931ರಲ್ಲಿ ಗ್ರಂಥವನ್ನು ಬರೆದನು. ಉತ್ತಮವಾದ ವೈದ್ಯಶಸ್ತ್ರಕ್ಕಾಗಿ ಮಿಶ್ರಲೋಹವನ್ನು ಹುಡುಕಿದ ಆಧುನಿಕ ಪ್ರಯತ್ನಗಳ ಮೊದಲ ಸಾಲಿನಲ್ಲಿ ಉಕ್ಕೆಂಬ ವಸ್ತುವೂ ಮಾತೂ ಇರುವುದು ಕನ್ನಡಿಗರು ತಲೆಯೆತ್ತಿ ಹೇಳಬಹುದಾದ ಸಂಗತಿ.

ಆದರೆ ಆ ಉಕ್ಕು ತುಕ್ಕುಹಿಡಿಯುತ್ತಿರಲಿಲ್ಲವೆಂದು ಬರೆಯುವವರಿದ್ದಾರೆ. ಇದು ದಿಲ್ಲಿಯ ಸ್ತಂಭವನ್ನೂ ಮೂಸೆಯ ಉಕ್ಕನ್ನೂ ಬೆರಸಿದ್ದರ ಫಲ. ಆ ಸ್ತಂಭವು ಉಕ್ಕಿನದಲ್ಲ. ರಂಜಕದ ಅಂಶವು ಹೆಚ್ಚಾಗಿರುವ ಮೆತು ಕಬ್ಬಿಣದ್ದು. ಮೂಸೆಯ ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ಸುಮಾರು ಒಂದೂವರೆ ಭಾಗವಿದ್ದು, ಅದು ಹರಿತಕ್ಕೆ ಹೆಸರಾಗಿತ್ತೇ ಹೊರತು ತೇವವನ್ನು ಸಹಿಸುವುದಕ್ಕಲ್ಲ. ತುಕ್ಕುಹಿಡಿಯದ ಉಕ್ಕಿನ ಪ್ರಸಿದ್ಧಿಯು 1913ರಲ್ಲಿ ಶೆಫೀಲ್ಡಿನ ಬ್ರಿಯರ್ಲಿ ಎಂಬವನ ಪರೀಕ್ಷೆಯಿಂದ ಬಂದಿತು, ಕಾರಣ ಕ್ರೋಮಿಯಂ. 1930ರ ದಶಕದಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಕೂಡಿದ ವೈಟೇಲಿಯಂ ಬಂದಿತು. 1952ರಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ಟೈಟೇನಿಯಂ ಲೋಹಕ್ಕೆ ಎಲುಬು ಬಿಡಿಸಲಾಗದಂತೆ ಅಂಟಿಕೊಂಡುದನ್ನು ಕಂಡನು.

ಟೈಟೇನಿಯಮ್ಮಿನ ಪ್ರಸಂಗವು 'ಗಟ್ಟಿ'ಯ ವಾದವನ್ನು ಸಂಪೂರ್ಣವಾಗಿ ಕೆಡವುತ್ತದೆ. ಎಳೆತಕ್ಕೆ ಬಾಗದಿರುವ ಗುಣವನ್ನು, ಎಂದರೆ ಅನಮ್ಯತೆಯನ್ನು, ಅಳೆದರೆ ಎಲುಬಿನ ಹೊರಪದರದ್ದು 10ರಿಂದ 30 ಗಿಗಾಪಾಸ್ಕಲ್, ಟೈಟೇನಿಯಂ ಮಿಶ್ರಲೋಹದ್ದು ಸುಮಾರು 110, ಉಕ್ಕಿನದು ಸುಮಾರು 200, ಕೋಬಾಲ್ಟ್ ಮಿಶ್ರಲೋಹದ್ದು ಅದಕ್ಕೂ ಮಿಗಿಲು. ಹೆಚ್ಚು ಅನಮ್ಯವಾದ ಲೋಹವನ್ನು ಎಲುಬಿನ ಪಕ್ಕದಲ್ಲಿಟ್ಟರೆ ಭಾರವನ್ನೆಲ್ಲ ಲೋಹವೇ ಹೊತ್ತುಕೊಳ್ಳುತ್ತದೆ. ಕೆಲಸವಿಲ್ಲದ ಎಲುಬು ಕ್ರಮೇಣ ಸೊರಗುತ್ತದೆ. ಆದುದರಿಂದ ವಿಜ್ಞಾನಿಗಳು ನಯೋಬಿಯಂ, ಟ್ಯಾಂಟಲಂ, ಜಿರ್ಕೋನಿಯಂ ಇತ್ಯಾದಿಗಳನ್ನು ಟೈಟೇನಿಯಮ್ಮಿಗೆ ಕೂಡಿಸಿ, ಮುರಿಯದಿರುವ ಶಕ್ತಿಯನ್ನು ಉಳಿಸಿಕೊಂಡೇ ಅನಮ್ಯತೆಯನ್ನು 50-80ರ ಮಟ್ಟಕ್ಕೆ ಇಳಿಸಲು ಶ್ರಮಿಸುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಟೈಟೇನಿಯಂ ವೈದ್ಯಲೋಹಗಳ ಸಂಶೋಧನೆ ನಡೆದಿದೆ. ಬಲವನ್ನು ಹೆಚ್ಚಿಸಿ ಬಿಗುಪನ್ನು ತಗ್ಗಿಸುವ ಈ ಪ್ರಯತ್ನವನ್ನು 'ಇನ್ನೂ ಗಟ್ಟಿಯಾದ ಲೋಹ'ವೆಂದು ಕನ್ನಡಿಸಿದರೆ ಅರ್ಥವೇ ತಲೆಕೆಳಗಾಗುವುದು. ಅಂಥ ಪಾಠವನ್ನು ಓದಿದ ವಿದ್ಯಾರ್ಥಿಗೆ ತಪ್ಪು ತಿಳಿಯುವುದಿಲ್ಲ. ತಪ್ಪೇ ತಿಳಿವಳಿಕೆಯಾಗಿ ನಿಲ್ಲುತ್ತದೆ.

ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ನಿರ್ಮಿತವಾದ ಹೃದಯಕವಾಟವೂ ಇದಕ್ಕೆ ಒಳ್ಳೆಯ ನಿದರ್ಶನ. ಮೂರು ಮಾದರಿಗಳು ವಿಫಲವಾಗಿ ನಾಲ್ಕನೆಯದು ಸಿದ್ಧಿಸಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಜೋಡಿಸಿದರು. ನಡುವೆ ಕೃತಕ ನೀಲಮಣಿಯ ಬಿಲ್ಲೆಯನ್ನೂ ಪ್ರಯೋಗಿಸಿ ನೋಡಿದ್ದುಂಟು. ಮಣಿಗಳಲ್ಲಿ ವಜ್ರವನ್ನು ಬಿಟ್ಟರೆ ಕಾಠಿನ್ಯದಲ್ಲಿ ಅದಕ್ಕೆ ಸಮನಾದುದು ವಿರಳ. ಕಡೆಗೆ ನಿಂತದ್ದು ಮಣಿಯಲ್ಲ. ಕೋಬಾಲ್ಟ್, ಕ್ರೋಮಿಯಂ, ಟಂಗ್‌ಸ್ಟನ್, ನಿಕಲ್ ಕೂಡಿದ ಹೇನ್ಸ್ ಮಿಶ್ರಲೋಹದ ಚೌಕಟ್ಟು, ಅದರೊಳಗೆ ಪಾಲಿಎಥಿಲೀನಿನ ಮೆತ್ತನೆಯ ಬಿಲ್ಲೆ. ಈ ಕಾರ್ಯದ ನಾಯಕರಾದ ಎಂ. ಎಸ್. ವಲಿಯತ್ತಾನ್ ಅವರು ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಅಲ್ಲಿಯೇ ನೆಲೆಸಿ, ಚರಕ, ಸುಶ್ರುತ, ವಾಗ್ಭಟರ ಮೇಲೆ ಇಂಗ್ಲಿಷಿನಲ್ಲಿ ಮೂರು ಬೃಹದ್ಗ್ರಂಥಗಳನ್ನು ಬರೆದು, 2024ರಲ್ಲಿ ದಿವಂಗತರಾದರು. ಸುಶ್ರುತನ ಮೇಲಿನ ಗ್ರಂಥವು 2007ರದು. ಸಂಹಿತೆಯ ಚದರಿದ ವಿಷಯಗಳನ್ನು ಪ್ರಕರಣಾನುಸಾರವಾಗಿ ಕೂಡಿಸಿಕೊಡುವ ಅದರ ಪದ್ಧತಿಯಿಂದ ಸಂಸ್ಕೃತವರಿಯದ ವೈದ್ಯರಿಗೆ ಬಹಳ ಉಪಕಾರವಾಗಿದೆ. ಆದರೆ ಸಂಸ್ಕೃತಶಾಲೆಗಳ ಕ್ರಮದಲ್ಲಿ ಅಧ್ಯಾಯಾನುಕ್ರಮವಾಗಿ ಓದುವವರಿಗೆ ಒಂದು ಕೊರತೆ ತೋರುವುದು ಸಹಜ: ಎಂಟನೆಯ ಅಧ್ಯಾಯದಲ್ಲಿ ಲೋಹಕ್ಕೆ ಹದ ಕೊಟ್ಟ ಗ್ರಂಥಕರ್ತನೇ ಇಪ್ಪತ್ತಾರನೆಯದರಲ್ಲಿ ಅದು ಶರೀರದಲ್ಲಿ ಕರಗುವುದನ್ನು ಹೇಳುತ್ತಾನೆಂಬ ಕ್ರಮದಲ್ಲಿಯೇ ಒಂದು ವಿಚಾರವಿದೆ, ಸಾರಸಂಗ್ರಹದಲ್ಲಿ ಅದು ಸುಲಭವಾಗಿ ಕಾಣಸಿಗದು. ಒಂದು ಕೈಯಲ್ಲಿ ಕವಾಟವನ್ನೂ ಮತ್ತೊಂದರಲ್ಲಿ ಸಂಹಿತೆಯನ್ನೂ ಹಿಡಿದಿದ್ದ ವಿದ್ವಾಂಸರು ಒಂದನ್ನು ಮತ್ತೊಂದಕ್ಕೆ ಆರೋಪಿಸುವ ಆತುರವನ್ನು ತೋರಲಿಲ್ಲ. ಆ ಸಂಯಮವು ಅವರನ್ನು ಉದಾಹರಿಸುವವರಲ್ಲಿಯೂ ಇರಬೇಕಾಗಿತ್ತು.

ಪರಿಭಾಷೆಯ ವಿಷಯದಲ್ಲಿ ಕೆಲವು ಮಾತುಗಳು ಉಳಿದಿವೆ. ಕನ್ನಡದ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಕೀರ್ತಿವರ್ಮನ ಗೋವೈದ್ಯವಾಗಲಿ ಮಂಗರಾಜನ ಖಗೇಂದ್ರಮಣಿದರ್ಪಣವಾಗಲಿ ಶಸ್ತ್ರಲೋಹಕ್ಕಾಗಿ ಹುಟ್ಟಿದವಲ್ಲ. ಆದಕಾರಣ ಮಾತುಗಳನ್ನು ಸಂಸ್ಕೃತದಿಂದಲೋ ಕುಲುಮೆಯಿಂದಲೋ ತರಬೇಕು. ಮಿಶ್ರಲೋಹವೆಂಬುದು ರಸರತ್ನಸಮುಚ್ಚಯದಲ್ಲಿಯೇ ಇದ್ದು, ಅಲ್ಲಿ ಪಿತ್ತಲ, ಕಾಂಸ್ಯ, ವರ್ತಗಳಿಗೆ ಅನ್ವಯಿಸುತ್ತದೆ, ಅದು ಉಚಿತವಾಗಿದೆ. ಹೈದರಾಬಾದಿನಲ್ಲಿ 1973ರಲ್ಲಿ ಸ್ಥಾಪಿತವಾದ ಮಿಶ್ರಧಾತು ನಿಗಮದ ಹೆಸರಿನಲ್ಲಿರುವ 'ಮಿಶ್ರಧಾತು'ವು ಲೋಹಕಾರ್ಖಾನೆಗೆ ಸರಿಯೇ. ವೈದ್ಯವಿಷಯದಲ್ಲಿ ಮಾತ್ರ ಅದು ತೊಡಕು. ಅಸ್ಥಿಯೂ ಮಾಂಸವೂ ಧಾತುಗಳೇ ಆಗಿರುವಾಗ ಧಾತುವಿನ ಪಕ್ಕದಲ್ಲಿ ಧಾತುವನ್ನಿಟ್ಟರೆ ಯಾವುದು ಯಾವುದೆಂದು ವೈಯಾಕರಣನಿಗೂ ತಿಳಿಯದು. ಗೀರಿಗೆ ಜಗ್ಗದ ಗುಣಕ್ಕೆ ಗಡಸು, ಥಟ್ಟನೆ ಮುರಿಯುವುದಕ್ಕೆ ಪೆಡಸು, ತಂತಿಯಾಗಿ ಎಳೆಯಲಾಗುವುದಕ್ಕೆ ತನ್ಯತೆ, ಬಾಗದಿರುವುದಕ್ಕೆ ಅನಮ್ಯತೆ ಎಂದು ಇಟ್ಟುಕೊಂಡರೆ 'ಗಟ್ಟಿ'ಯನ್ನು ಮಾತಿನ ವ್ಯವಹಾರಕ್ಕೆ ಬಿಟ್ಟುಕೊಡಬಹುದು.

ಇವುಗಳಲ್ಲಿ ಕಷ್ಟವಾದದ್ದು ಒಂದು. ಒಂದೇ ಸಲದ ಪೆಟ್ಟಿಗೆ ಮುರಿಯದ ಲೋಹವು ಸಣ್ಣ ಪೆಟ್ಟುಗಳ ಪುನರಾವೃತ್ತಿಯಿಂದ ಬಿರಿಯುವುದುಂಟು. ನಾಡಿಯು ನಿಮಿಷಕ್ಕೆ 72 ಬಾರಿ ಮಿಡಿದರೆ ಹೃದಯಕವಾಟವು ವರ್ಷಕ್ಕೆ 3 ಕೋಟಿ 78 ಲಕ್ಷ ಸಲಕ್ಕೂ ಮಿಕ್ಕು ತೆರೆದು ಮುಚ್ಚಬೇಕಾಗುತ್ತದೆ. ಅಲ್ಲಿ ಲೋಹದ ಆಯುಸ್ಸನ್ನು ನಿರ್ಣಯಿಸುವುದು ಈ ಗುಣವೇ. ಇದನ್ನು ಕನ್ನಡದಲ್ಲಿ ದಣಿವೆಂದೂ ಬಳಲಿಕೆಯೆಂದೂ ಬರೆಯುತ್ತಾರೆ. ಮನುಷ್ಯನ ದಣಿವು ವಿಶ್ರಾಂತಿಯಿಂದ ಆರುತ್ತದೆ. ಲೋಹದ ಬಿರುಕು ಆರುವುದಿಲ್ಲ. ಇಂಗ್ಲಿಷಿನ ಉಪಮೆಯನ್ನೇ ಹೊತ್ತು ತಂದ ಈ ಮಾತುಗಳಿಗಿಂತ, ಆವೃತ್ತಿಯಿಂದ ಆಗುವ ಭಂಗವೆಂಬ ಅರ್ಥದಲ್ಲಿ 'ಆವೃತ್ತಿಭಂಗ'ವೆನ್ನುವುದು ಯುಕ್ತವಾಗಿ ತೋರುತ್ತದೆ. ಶಾಲಾಪುಸ್ತಕಗಳನ್ನು ಪರಿಷ್ಕರಿಸುವವರು ಇದನ್ನೂ ಪರೀಕ್ಷಿಸಬಹುದು.